ಸರ್ ಎಂವಿ ಕಟ್ಟಿದ್ದು ಅಣೆಕಟ್ಟು ಮಾತ್ರ ಅಲ್ಲ, ಬ್ಯಾಂಕ್ ಕೂಡ: ಹೊರದೇಶಕ್ಕೆ ಸರಕು ಕಳಿಸೋ ನಮ್ಮೂರ ವ್ಯಾಪಾರಿಗಳು ಓದಬೇಕಾದ ಬದುಕು

ಹಾಸನ: ಸೆಪ್ಟೆಂಬರ್ 15 ಬಂದರೆ ಸಾಕು, ಜಿಲ್ಲೆಯ ಕಾಲೇಜುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಮೈಸೂರು ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯ ಅವರ ಫೋಟೋಗೆ ಹಾರ ಬೀಳುತ್ತೆ. ಭಾಷಣ ಮಾಡೋರು ಕನ್ನಂಬಾಡಿ ಕಟ್ಟೆಯಿಂದ ಶುರು ಮಾಡಿ ಕನ್ನಂಬಾಡಿ ಕಟ್ಟೆಯಲ್ಲೇ ಮುಗಿಸ್ತಾರೆ. ಅದರಲ್ಲಿ ತಪ್ಪೇನಿಲ್ಲ. ನಮ್ಮ ಹೊಳೆನರಸೀಪುರದ ಮುಂದೆ ಹರಿದು ಹೋಗೋ ಹೇಮಾವತಿ ನೀರು ಕೊನೆಗೆ ಸೇರೋದೂ ಅದೇ ಕಟ್ಟೆಗೆ.

ಆದರೆ ಅಂಗಡಿ, ಮಂಡಿ, ಸಣ್ಣ ಫ್ಯಾಕ್ಟರಿ ನಡೆಸೋರಿಗೆ ಈ ಮನುಷ್ಯನ ಬದುಕಿನಲ್ಲಿ ಇನ್ನೊಂದು ಭಾಗ ಇದೆ. ಅದನ್ನ ಯಾರೂ ಜಾಸ್ತಿ ಹೇಳಲ್ಲ. ಅವರು ಬ್ಯಾಂಕ್ ಕಟ್ಟಿದರು. ವ್ಯಾಪಾರಿಗಳ ಸಂಘ ಕಟ್ಟಿದರು. ನಮ್ಮ ಸರಕು ಹೊರದೇಶಕ್ಕೆ ಹೋಗುವಾಗ ಲಾಭ ಯಾರ ಕೈಗೆ ಹೋಗ್ತಿದೆ ಅಂತ ನೂರು ವರ್ಷಕ್ಕೂ ಹಿಂದೆ ಲೆಕ್ಕ ಹಾಕಿದರು. ಅವರು ತೆಗೆದ ಆ ಬಾಗಿಲು ಇವತ್ತೂ ತೆರೆದೇ ಇದೆ. ನಾವೇ ಒಳಗೆ ಹೋಗ್ತಿಲ್ಲ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯ ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ಪುಸ್ತಕ ಇತ್ತು, ದುಡ್ಡು ಇರಲಿಲ್ಲ. ಹುಡುಗನಾಗಿದ್ದಾಗಲೇ ತಂದೆ ತೀರಿಹೋದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬೇರೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನಿಭಾಯಿಸಿದರು. 1881ರಲ್ಲಿ ಬಿಎ ಮುಗೀತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು.

ಇಲ್ಲೊಂದು ಮಾತು ಗಮನಿಸಿ. ಸರಿಯಾದ ಹೊತ್ತಿಗೆ ಸರ್ಕಾರದ ಆ ದುಡ್ಡು ಸಿಗದೇ ಹೋಗಿದ್ದರೆ ಆ ಹುಡುಗ ಎಲ್ಲೋ ಒಂದು ಮೇಷ್ಟ್ರ ಕೆಲಸದಲ್ಲಿ ನಿಂತುಬಿಡ್ತಿದ್ದ. ಬುದ್ಧಿ ಇದ್ದರೂ ಬಂಡವಾಳ ಇಲ್ಲದವನ ಕಷ್ಟ ಅವರಿಗೆ ಅನುಭವದಿಂದಲೇ ಗೊತ್ತಿತ್ತು.

ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸುಮಾರು 24 ವರ್ಷ ಕೆಲಸ. ಈಗ ಪಾಕಿಸ್ತಾನದಲ್ಲಿರುವ ಸಕ್ಕರ್ ಊರಿಗೆ ಕುಡಿಯುವ ನೀರು, ಪುಣೆ ಹತ್ತಿರದ ಖಡಕ್‌ವಾಸ್ಲಾ ಕಟ್ಟೆಗೆ ತಾನೇ ತೆರೆದು ಮುಚ್ಚುವ ಗೇಟು, ಇವೆಲ್ಲ ಆ ಕಾಲದ ಕೆಲಸಗಳು. 1908ರಲ್ಲಿ ಆ ನೌಕರಿ ಬಿಟ್ಟರು. ಅದೇ ವರ್ಷ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತ್ತು. ನಿಜಾಮರ ಸರ್ಕಾರ ಕರೆದಾಗ ಹೋಗಿ ಪ್ರವಾಹ ತಡೆಯೋ ಯೋಜನೆ ಮಾಡಿಕೊಟ್ಟರು. 1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ತವರಿಗೆ ಬಂದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು. ಅದರ ಕಥೆ ಎಲ್ಲರಿಗೂ ಗೊತ್ತು, ಇಲ್ಲಿಗೆ ಬಿಡೋಣ.

ಜಪಾನ್ ನೋಡಿ ಬಂದ ಕಣ್ಣು

1898ರಲ್ಲಿ, ಇನ್ನೂ ಮುಂಬೈ ನೌಕರಿಯಲ್ಲಿದ್ದಾಗಲೇ, ವಿಶ್ವೇಶ್ವರಯ್ಯ ಜಪಾನ್ ನೋಡಿ ಬಂದಿದ್ದರು. ಭಾರತದ ಹಾಗೇ ಭತ್ತ ಬೆಳೆಯೋ, ರೇಷ್ಮೆ ನೂಲೋ ದೇಶ ಅದು. ಆದರೆ ಅಲ್ಲಿ ಶಾಲೆ, ಕಾರ್ಖಾನೆ, ಬ್ಯಾಂಕು, ಹಡಗು ಒಟ್ಟೊಟ್ಟಿಗೆ ಬೆಳೀತಿದ್ದವು. ಕಚ್ಚಾ ಮಾಲು ಮಾರೋ ದೇಶ ಮಾಡಿದ ಮಾಲು ಮಾರೋ ದೇಶ ಆಗೋದು ಹೇಗೆ ಅನ್ನೋದನ್ನ ಅವರು ಅಲ್ಲಿ ಕಣ್ಣಾರೆ ನೋಡಿದರು.

ಮೈಸೂರಿಗೆ ಬಂದ ಮೇಲೆ ಆ ಪಾಠ ಇಲ್ಲಿ ಜಾರಿ ಮಾಡೋಕೆ ಹೊರಟರು. 1911ರ ಜೂನ್ 10ರಂದು ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಶುರುವಾಯಿತು. ಹೆಸರು ಕೇಳಿದರೆ ದೊಡ್ಡವರ ಸಭೆ ಅನ್ಸುತ್ತೆ. ಆದರೆ ಅದರ ಕೆಲಸ ಸೀದಾ ಇತ್ತು. ಶಿಕ್ಷಣ, ಕೃಷಿ, ಕೈಗಾರಿಕೆ ಮತ್ತು ವ್ಯಾಪಾರ ಅಂತ ಮೂರು ಸಮಿತಿ. ಅಧಿಕಾರಿಗಳ ಜೊತೆ ವ್ಯಾಪಾರಿಗಳೂ ಜಮೀನುದಾರರೂ ಕೂತು ನಮ್ಮ ಸೀಮೆಯಲ್ಲಿ ಏನು ಬೆಳೆಯುತ್ತೆ, ಏನು ಮಾಡಬಹುದು, ಯಾವುದು ಅಡ್ಡ ಬರ್ತಿದೆ ಅಂತ ಲೆಕ್ಕ ಹಾಕಬೇಕು. ಈ ಕೆಲಸ ರಾಜಧಾನಿಯಲ್ಲಿ ನಿಲ್ಲದೆ ಜಿಲ್ಲೆ, ತಾಲ್ಲೂಕಿಗೂ ಇಳಿಯಬೇಕು ಅನ್ನೋದು ಅವರ ಹಟ.

1912ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನೇ ದಿವಾನರಾಗಿ ಮಾಡಿದರು. ಮುಂದಿನ ಆರು ವರ್ಷದಲ್ಲಿ ಆದ ಕೆಲಸ ಪಟ್ಟಿ ಮಾಡಿದರೆ ಒಂದು ಪುಟ ಸಾಲಲ್ಲ. ನಮಗೆ ಬೇಕಾದ ಮೂರು ಮಾತ್ರ ಹೇಳ್ತೀನಿ: ಬ್ಯಾಂಕು, ಗಂಧದೆಣ್ಣೆ, ರೈಲು.

ಬ್ಯಾಂಕುಗಳು ಬೀಳ್ತಿದ್ದ ಕಾಲದಲ್ಲಿ ಬ್ಯಾಂಕ್ ಎದ್ದಿತು

ಆಗಿನ ಕಾಲದಲ್ಲಿ ನಮ್ಮ ಕಡೆ ವ್ಯಾಪಾರಿಗೆ ದುಡ್ಡು ಬೇಕಾದರೆ ಸಾಹುಕಾರರ ಮನೆಯೇ ಗತಿ. ಬೆಂಗಳೂರಿನಲ್ಲಿ ಬ್ಯಾಂಕ್ ಆಫ್ ಮದ್ರಾಸ್ ಶಾಖೆ ಇತ್ತು. ಆದರೆ ಅದು ಊರ ಮಂಡಿಯ ಮನುಷ್ಯ ಧೈರ್ಯವಾಗಿ ಹತ್ತೋ ಮೆಟ್ಟಿಲಾಗಿರಲಿಲ್ಲ. ಕರಾವಳಿಯಲ್ಲಿ ಅಷ್ಟು ಹೊತ್ತಿಗೆ ಬೇರೆ ಗಾಳಿ ಬೀಸಿತ್ತು. 1906ರಲ್ಲೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿನ ಬೀಜ ಹಾಕಿದ್ದರು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದ್ದರು. ಘಟ್ಟದ ಮೇಲೆ ಅಂಥದ್ದು ಬೇಕಿತ್ತು.

ಬ್ಯಾಂಕ್ ಬೇಕು ಅಂತ ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿ ಸಲಹೆ ಕೊಟ್ಟಿತು. ಮಹಾರಾಜರ ಆಶ್ರಯ ಸಿಕ್ಕಿತು. 1913ರ ಅಕ್ಟೋಬರ್ 2ರಂದು ಬ್ಯಾಂಕ್ ಆಫ್ ಮೈಸೂರು ಬಾಗಿಲು ತೆರೆಯಿತು. ಆ ತಾರೀಕಿನ ಆಚೀಚೆ ನೋಡಿ. ಅದಕ್ಕೆ ಎರಡು ವಾರ ಮೊದಲಷ್ಟೇ ಲಾಹೋರಿನ ಪೀಪಲ್ಸ್ ಬ್ಯಾಂಕ್ ಮುಳುಗಿತ್ತು. ಆ ವರ್ಷ ಮುಗಿಯೋದರೊಳಗೆ ಮುಂಬೈನ ಇಂಡಿಯನ್ ಸ್ಪೀಸಿ ಬ್ಯಾಂಕೂ ಬಿತ್ತು. ಅದಕ್ಕೂ ಹಿಂದೆ, 1906ರಲ್ಲಿ, ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾಗಿ ದಕ್ಷಿಣದ ಸಾವಿರಾರು ಜನರ ಉಳಿತಾಯ ಕರಗಿಹೋಗಿತ್ತು. ದೇಶದ ತುಂಬ ಜನ ಬ್ಯಾಂಕಿನಿಂದ ದುಡ್ಡು ವಾಪಸ್ ತೆಗೀತಿದ್ದಾಗ ಹೊಸ ಬ್ಯಾಂಕ್ ಶುರು ಮಾಡೋಕೆ ಗುಂಡಿಗೆ ಬೇಕು.

ಆ ಬ್ಯಾಂಕ್ ನಿಂತಿತು. ನಮ್ಮ ಅಜ್ಜಂದಿರ ಬಾಯಲ್ಲಿ ಅದು ಕೊನೆವರೆಗೂ ಮೈಸೂರು ಬ್ಯಾಂಕೇ. 1960ರಲ್ಲಿ ಸ್ಟೇಟ್ ಬ್ಯಾಂಕ್ ಗುಂಪಿಗೆ ಸೇರಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ವಿಲೀನ ಆಯಿತು, ಬೋರ್ಡು ಬದಲಾಯಿತು. ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ಅನ್ನೋ ಹೆಸರು ಮಾತ್ರ ಹಾಗೇ ಉಳಿದಿದೆ.

ಬ್ಯಾಂಕ್ ಆದ ಮೇಲೆ 1916ರ ಮೇನಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಬಂತು. ಇವತ್ತಿನ ಎಫ್‌ಕೆಸಿಸಿಐ ಅದರದೇ ಮುಂದುವರಿಕೆ. ದುಡ್ಡು ಕೊಡೋ ಜಾಗ ಒಂದು ಕಡೆ, ದುಡ್ಡು ಹೇಗೆ ಕೇಳಬೇಕು ಅಂತ ವ್ಯಾಪಾರಿಗಳೇ ಸೇರಿ ಮಾತಾಡೋ ಜಾಗ ಇನ್ನೊಂದು ಕಡೆ. ಒಂದಿಲ್ಲದೆ ಇನ್ನೊಂದು ನಡೆಯಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

ಗಂಧದ ಮರ ಕಲಿಸಿದ ಪಾಠ

ಮೈಸೂರು ಸೀಮೆಯ ಶ್ರೀಗಂಧ ಸರ್ಕಾರದ ಸೊತ್ತು. ನಮ್ಮ ಹಾಸನ ಜಿಲ್ಲೆಯ ಕಾಡಿನ ಗಂಧವೂ ಅದರಲ್ಲಿ ಸೇರಿತ್ತು. ಸರ್ಕಾರ ಕೊರಡು ಹರಾಜು ಹಾಕೋದು, ವ್ಯಾಪಾರಿಗಳು ಹಡಗಿಗೆ ಹಾಕೋದು, ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆ ಆಗೋದು. ನಾವು ಸೌದೆಯ ಹಾಗೆ ಕೊರಡು ಮಾರ್ತಿದ್ದೆವು. ಅವರು ಅದನ್ನ ಸೀಸೆಯಲ್ಲಿ ತುಂಬಿ ಪ್ರಪಂಚಕ್ಕೆ ಮಾರ್ತಿದ್ದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನಿ ಶತ್ರು ದೇಶ ಆಯಿತು. ಕೊಳ್ಳೋರೇ ಇಲ್ಲ. ಗಂಧದಿಂದ ಬರ್ತಿದ್ದ ಆದಾಯಕ್ಕೆ ಪೆಟ್ಟು ಬಿತ್ತು.

ಆಗ ವಿಶ್ವೇಶ್ವರಯ್ಯನವರ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಚಾಟರ್ಟನ್, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಪ್ರೊಫೆಸರ್‌ಗಳಾದ ಸಡ್‌ಬರೋ ಮತ್ತು ವಾಟ್ಸನ್ ಸೇರಿ ಎಣ್ಣೆ ಇಲ್ಲೇ ತೆಗೆಯೋ ವಿಧಾನ ಸಿದ್ಧಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದವು. ಅದರ ಬೆನ್ನಿಗೇ ಸೋಪು ಬಂತು. ಇವತ್ತು ನಿಮ್ಮ ಅಂಗಡಿ ಶೆಲ್ಫಿನಲ್ಲಿರೋ ಮೈಸೂರ್ ಸ್ಯಾಂಡಲ್ ಸೋಪಿನ ಬೇರು ಆ ಯುದ್ಧದಲ್ಲಿ ಇದೆ.

ಇದರಲ್ಲಿ ಎರಡು ಪಾಠ ಇದೆ. ಒಂದು, ಕಚ್ಚಾ ಮಾಲು ಮಾರೋದಕ್ಕಿಂತ ಮಾಡಿದ ಮಾಲು ಮಾರೋದು ಮೇಲು. ಇದನ್ನ ಎಲ್ಲರೂ ಹೇಳ್ತಾರೆ. ಎರಡನೆಯದನ್ನ ಯಾರೂ ಹೇಳಲ್ಲ. ಹೊರದೇಶದ ಒಬ್ಬನೇ ಗಿರಾಕಿಯನ್ನ ನಂಬಿ ಕೂತರೆ, ನಮ್ಮ ತಪ್ಪಿಲ್ಲದಿದ್ದರೂ ಒಂದು ದಿನ ದುಡ್ಡು ಬರೋದು ನಿಂತುಹೋಗಬಹುದು. ಅಂಥ ದಿನಕ್ಕೆ ಏನಾದರೂ ರಕ್ಷಣೆ ಬೇಕು. ಇದು ನೆನಪಿರಲಿ, ಮುಂದೆ ಬರುತ್ತೆ.

ರೈಲು ಬಂತು, ಬಂದರು ಬರಲಿಲ್ಲ

ಸರಕು ಇದ್ದರೆ ಸಾಲದು, ಸಾಗಿಸಬೇಕು. ಮೈಸೂರಿನಿಂದ ಹೊಳೆನರಸೀಪುರ, ಹಾಸನ ಹಾದು ಅರಸೀಕೆರೆ ಸೇರೋ ರೈಲು ದಾರಿ ಅವರ ದಿವಾನಗಿರಿಯ ಕಾಲದ್ದು, 1918ರಲ್ಲಿ ತೆರೆಯಿತು. ಹೊಳೆನರಸೀಪುರ ಸ್ಟೇಷನ್ನಿನಲ್ಲಿ ಗಾಡಿ ಕಾಯುವಾಗ ಇದನ್ನ ನೆನೆಸಿಕೊಳ್ಳಿ. ಚನ್ನರಾಯಪಟ್ಟಣದ ಜನ ಬೆಂಗಳೂರಿನ ನೇರ ರೈಲಿಗೆ 2017ರ ಮಾರ್ಚ್ ಕೊನೆವರೆಗೆ ಕಾದರು. ಅದಾಗಿ ಒಂದೇ ವಾರಕ್ಕೆ ಮೈಸೂರು ಬ್ಯಾಂಕಿನ ಹೆಸರು ಅಳಿಸಿತು. ಅರಕಲಗೂಡಿನವರು ಇನ್ನೂ ಕಾಯ್ತಾನೇ ಇದ್ದಾರೆ.

ಮೈಸೂರು ಸಂಸ್ಥಾನಕ್ಕೆ ಸ್ವಂತ ಬಂದರು ಇರಲಿಲ್ಲ. ಭಟ್ಕಳದಲ್ಲಿ ಬಂದರು ಬೆಳೆಸಿ ಅರಸೀಕೆರೆ ಕಡೆಯಿಂದ ಅಲ್ಲಿಗೆ ರೈಲು ಒಯ್ಯಬೇಕು ಅನ್ನೋದು ವಿಶ್ವೇಶ್ವರಯ್ಯನವರ ಇನ್ನೊಂದು ಕನಸು. ಆಗ ಭಟ್ಕಳ ಮುಂಬೈ ಪ್ರಾಂತ್ಯದಲ್ಲಿತ್ತು. ಅದು ಕೈಗೂಡಲಿಲ್ಲ. ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯೋ ರೈಲು ಓಡಿದ್ದೂ 1979ರಲ್ಲಿ, ಅವರು ತೀರಿಕೊಂಡು 17 ವರ್ಷ ಆದ ಮೇಲೆ.

ಹುದ್ದೆ ಬಿಟ್ಟದ್ದು

ದೊಡ್ಡವರ ಬಗ್ಗೆ ಬರೆಯುವಾಗ ಒಳ್ಳೇದನ್ನ ಮಾತ್ರ ಬರೆದರೆ ಅದು ಅರ್ಧ ಬದುಕು. 1918ರಲ್ಲಿ ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಪಾಲು ಬೇಕು ಅನ್ನೋ ಕೂಗು ಜೋರಾಗಿತ್ತು. ಮಹಾರಾಜರು ಅದಕ್ಕೆ ಕಿವಿಗೊಟ್ಟು ಮಿಲ್ಲರ್ ಸಮಿತಿ ನೇಮಿಸಿದರು. ಮೊದಲು ಎಲ್ಲರಿಗೂ ಓದು ಸಿಗಲಿ, ನೌಕರಿಗೆ ಯೋಗ್ಯತೆಯೇ ಅಳತೆ ಆಗಿರಲಿ ಅನ್ನೋದು ವಿಶ್ವೇಶ್ವರಯ್ಯನವರ ನಿಲುವು. ಹೊಂದಾಣಿಕೆ ಆಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ದಿವಾನಗಿರಿ ಬಿಟ್ಟರು.

ಇವತ್ತು ತಿರುಗಿ ನೋಡಿದರೆ, ಪಾಲು ಕೇಳಿದ ಜನರ ಪ್ರಶ್ನೆಯಲ್ಲಿ ದೊಡ್ಡ ಸತ್ಯ ಇತ್ತು ಅಂತ ನನಗನ್ಸುತ್ತೆ. ಬ್ಯಾಂಕು, ಕಾಲೇಜು, ಕಚೇರಿ ಎಷ್ಟೇ ಕಟ್ಟಿ, ಕೌಂಟರಿನ ಆಚೆ ಯಾರು ಕೂತಿದ್ದಾರೆ, ಈಚೆ ಯಾರು ಹೆದರಿಕೊಂಡು ನಿಂತಿದ್ದಾರೆ ಅನ್ನೋದೂ ಅಷ್ಟೇ ಮುಖ್ಯ. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಹೋಗೋ ಧೈರ್ಯ ಎಲ್ಲರಿಗೂ ಬರಬೇಕು.

ಭದ್ರಾವತಿ, ಆಮೇಲಿನ ದಿನಗಳು

ಹುದ್ದೆ ಬಿಟ್ಟರೂ ಕೆಲಸ ಬಿಡಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ ಯೋಜನೆ ಮಾಡಿದಾಗ ಯುದ್ಧದ ಕಾಲ, ಕಬ್ಬಿಣಕ್ಕೆ ಒಳ್ಳೆ ಬೆಲೆ. 1923ರಲ್ಲಿ ಕುಲುಮೆ ಹೊತ್ತಿಸೋ ಹೊತ್ತಿಗೆ ಯುದ್ಧ ಮುಗಿದು ಬೆಲೆ ಬಿದ್ದಿತ್ತು. ನಷ್ಟ ನೋಡಿ ಜನ ಟೀಕೆ ಮಾಡಿದರು. ವಿಶ್ವೇಶ್ವರಯ್ಯನವರೇ ಅದರ ಆಡಳಿತ ಮಂಡಳಿ ಅಧ್ಯಕ್ಷರಾಗಿ 1929ರವರೆಗೆ ನಿಂತು ಕಾರ್ಖಾನೆಯನ್ನ ದಾರಿಗೆ ತಂದರು. ಆರ್ಡರ್ ಹಿಡಿದ ದಿನದ ಬೆಲೆ ಸರಕು ತಯಾರಾದ ದಿನ ಇರಲ್ಲ. ಈ ಪೆಟ್ಟು ನಮ್ಮ ಶುಂಠಿ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1934ರಲ್ಲಿ ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದರು. 1941ರಲ್ಲಿ ಅಖಿಲ ಭಾರತ ತಯಾರಕರ ಸಂಘ ಕಟ್ಟಿ ಅದರ ಅಧ್ಯಕ್ಷರಾದರು. ವಯಸ್ಸು ಎಂಬತ್ತರ ಹತ್ತಿರ ಬಂದಿತ್ತು! ಆಮೇಲೂ ಹಳ್ಳಿಗಳಲ್ಲಿ ಸಣ್ಣ ಕೈಗಾರಿಕೆ ಬೆಳೆಸೋ ಯೋಜನೆ ಹಿಡಿದು ಓಡಾಡಿದರು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ.

ಈಗ ನಮ್ಮೂರಿಗೆ ಬರೋಣ

ಹಾಸನ ಜಿಲ್ಲೆಯ ಸರಕು ಹೊರದೇಶಕ್ಕೆ ಹೋಗಲ್ವಾ? ಹೋಗುತ್ತೆ. ಸಕಲೇಶಪುರ, ಬೇಲೂರು, ಆಲೂರಿನ ಕಾಫಿ ಹೋಗುತ್ತೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹರಾಜಾಗೋ ಹೊಗೆಸೊಪ್ಪು ಹೋಗುತ್ತೆ. ನಾವ್ಯಾರೂ ಅಡಿಗೆಗೆ ಹಾಕದ ಮಿಡಿಸೌತೆಯನ್ನ ನಮ್ಮ ರೈತರು ಬೆಳೆಯೋದೇ ಹೊರದೇಶಕ್ಕೋಸ್ಕರ. ಚನ್ನರಾಯಪಟ್ಟಣದ ಕಡೆ ತೆಂಗಿನ ನಾರು, ಕೋಕೋಪೀಟ್ ಇದೆ. ಹೊಳೆನರಸೀಪುರ, ಅರಕಲಗೂಡಿನಲ್ಲಿ ಶುಂಠಿ ಇದೆ.

ಆದರೆ ಬಹಳಷ್ಟು ಸರಕು ಮಧ್ಯದವರ ಕೈಯಿಂದಲೇ ದಾಟುತ್ತೆ. ಯಾಕೆ ಅಂತ ಕೇಳಿದರೆ ಗುಣಮಟ್ಟ, ಗಿರಾಕಿ ಅಂತೆಲ್ಲ ಹೇಳ್ತಾರೆ. ನಾನು ನೋಡಿದ ಹಾಗೆ ಮೊದಲನೇ ಕಾರಣ ದುಡ್ಡು. ಆರ್ಡರ್ ಬಂದ ದಿನದಿಂದ ಹಣ ಕೈಗೆ ಬರೋ ದಿನದವರೆಗೆ ಮೂರು ನಾಲ್ಕು ತಿಂಗಳು ತಡೆದುಕೊಳ್ಳೋ ಶಕ್ತಿ ಸಣ್ಣವರಿಗಿಲ್ಲ.

ನಮ್ಮ ಮನೆಯದೇ ಹೇಳ್ತೀನಿ. ನಾನು ಬಿಕಾಂ ಎರಡನೇ ವರ್ಷಕ್ಕೇ ಕಾಲೇಜ್ ಬಿಟ್ಟವನು. ಸ್ವಲ್ಪ ದಿನ ಚಿಕ್ಕಪ್ಪನ ಕೋಕೋಪೀಟ್ ಶೆಡ್ಡಿನಲ್ಲಿ ಲೆಕ್ಕ ಬರೀತಿದ್ದೆ. ಒಂದು ಸಲ ಪರಿಚಯದವರ ಮೂಲಕ ಹೊರದೇಶದಿಂದ ಒಂದು ಕಂಟೇನರ್ ಆರ್ಡರ್ ಬಂತು. ಮಾಲು ತರೋಕೆ, ಒಣಗಿಸೋಕೆ, ಪ್ರೆಸ್ ಮಾಡೋಕೆ, ಬಂದರಿಗೆ ಸಾಗಿಸೋಕೆ 5 ಲಕ್ಷ ಬೇಕಾಗಿತ್ತು. ತಮ್ಮ ಖಾತೆ ಇದ್ದ ಬ್ಯಾಂಕಿಗೆ ಹೋಗಿ ಕೇಳಿದರು. ಅಂಥ ಸಾಲ ಇಲ್ಲಿ ಇಲ್ಲ, ಜಮೀನಿನ ಪತ್ರ ತನ್ನಿ ನೋಡೋಣ ಅಂತ ಅಲ್ಲಿದ್ದವರು ಕಳಿಸಿದರು. ಚಿಕ್ಕಪ್ಪ ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿಗೆ ಕೈಸಾಲ ತಂದರು. ದುಡ್ಡು ಬರೋಕೆ ಮೂರು ತಿಂಗಳು ಆಯಿತು. ಬಡ್ಡಿಯೇ 45,000. ಲಾಭ ಅಲ್ಲೇ ಕರಗಿತು. ಆಮೇಲೆ ಅವರು ಎಕ್ಸ್‌ಪೋರ್ಟ್ ಸುದ್ದಿಗೇ ಹೋಗಲಿಲ್ಲ.

ಅದೇ 5 ಲಕ್ಷಕ್ಕೆ ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ 10 ಅಂತ ಲೆಕ್ಕ ಹಾಕಿದರೆ ಮೂರು ತಿಂಗಳಿಗೆ 12,500. ವ್ಯತ್ಯಾಸ 32,500. ನಾಚಿಕೆ ಏನಂದ್ರೆ, ಆ ಸಾಲದ ಹೆಸರು ನನ್ನ ಬಿಕಾಂ ಪುಸ್ತಕದಲ್ಲೇ ಇತ್ತು. ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿ ಮರೆತಿದ್ದೆ. ಶೆಡ್ಡಿನಲ್ಲಿ ಕೂತಾಗ ಅದು ನೆನಪಿಗೇ ಬರಲಿಲ್ಲ.

ಹಾಗಾದ್ರೆ ಬ್ಯಾಂಕಿನಲ್ಲಿ ಏನೇನಿದೆ?

ಪ್ಯಾಕಿಂಗ್ ಕ್ರೆಡಿಟ್: ಸರಕು ಹಡಗು ಹತ್ತೋಕೆ ಮೊದಲು ಕೊಡೋ ಸಾಲ. ಹೊರದೇಶದ ಆರ್ಡರ್ ಅಥವಾ ಲೆಟರ್ ಆಫ್ ಕ್ರೆಡಿಟ್ ತೋರಿಸಿದರೆ ಅದರ ಆಧಾರದ ಮೇಲೆ ಮಾಲು ಕೊಳ್ಳೋಕೆ, ಸಂಸ್ಕರಣೆಗೆ, ಪ್ಯಾಕಿಂಗಿಗೆ, ಸಾಗಣೆಗೆ ಕೊಡ್ತಾರೆ. ಗಿರಾಕಿಯಿಂದ ದುಡ್ಡು ಬಂದಾಗ ಬ್ಯಾಂಕು ಅದರಲ್ಲೇ ಮುರ್ಕೊಳ್ಳುತ್ತೆ. ಸಾಲ ತಗೊಂಡು ಸರಕು ಕಳಿಸದೇ ಹೋದರೆ ರಫ್ತು ಸಾಲದ ದರ ಸಿಗಲ್ಲ, ಜಾಸ್ತಿ ಬಡ್ಡಿ ಬೀಳುತ್ತೆ. ಹುಷಾರು.

ಪೋಸ್ಟ್ ಶಿಪ್‌ಮೆಂಟ್ ಸಾಲ: ಸರಕು ಹೋಯ್ತು, ಗಿರಾಕಿ 60 ಅಥವಾ 90 ದಿನ ಬಿಟ್ಟು ಕೊಡ್ತೀನಿ ಅಂತಾನೆ. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್ ಬ್ಯಾಂಕಿಗೆ ಕೊಟ್ಟರೆ ಆ ಬಿಲ್ಲಿನ ಮೇಲೆ ದುಡ್ಡು ಮೊದಲೇ ಸಿಗುತ್ತೆ.

ಲೆಟರ್ ಆಫ್ ಕ್ರೆಡಿಟ್: ಕಾಗದ ಪತ್ರ ಸರಿ ಇದ್ದರೆ ದುಡ್ಡು ನಾನು ಕೊಡ್ತೀನಿ ಅಂತ ಗಿರಾಕಿಯ ಬ್ಯಾಂಕು ಬರೆದುಕೊಡೋ ಮಾತು. ಇಲ್ಲಿ ಒಂದು ಅಕ್ಷರ, ಒಂದು ತಾರೀಕು ತಪ್ಪಿದರೂ ಬಿಲ್ ನಿಲ್ಲುತ್ತೆ. ಕಳಿಸೋ ಮುಂಚೆ ಎರಡು ಸಲ ಓದಿ.

ಇಸಿಜಿಸಿ ವಿಮೆ: ಗಂಧದ ಕಥೆ ನೆನಪಿದೆಯಲ್ಲ? ಗಿರಾಕಿ ದಿವಾಳಿ ಆದರೆ, ದುಡ್ಡು ಕೊಡದೇ ಹೋದರೆ, ಆ ದೇಶದಲ್ಲಿ ಯುದ್ಧ ಆಗಿ ಹಣ ಬರದೇ ಹೋದರೆ ಅಂತಲೇ ಕೇಂದ್ರ ಸರ್ಕಾರ 1957ರಲ್ಲಿ ಈ ಸಂಸ್ಥೆ ಮಾಡಿತು. ಒಂದು ವಿಷಯ ಚೆನ್ನಾಗಿ ತಿಳ್ಕೊಳ್ಳಿ. ಬ್ಯಾಂಕು ತನ್ನ ಸಾಲಕ್ಕೆ ಇಸಿಜಿಸಿ ರಕ್ಷಣೆ ತಗೊಂಡಿರುತ್ತೆ. ಅದು ಬ್ಯಾಂಕಿಗೆ, ನಿಮಗಲ್ಲ. ನಿಮಗೆ ಬೇಕಾದರೆ ನೀವೇ ಬೇರೆ ಪಾಲಿಸಿ ಮಾಡಿಸಬೇಕು.

ಡಾಲರ್ ದರ ಏರಿಳಿತ: ಇವತ್ತೇ ದರ ನಿಗದಿ ಮಾಡಿ ಮುಂದಿನ ಡಾಲರ್ ಮಾರಿಟ್ಟುಕೊಳ್ಳೋ ಫಾರ್ವರ್ಡ್ ಕಾಂಟ್ರಾಕ್ಟ್ ಸೌಲಭ್ಯ ಬ್ಯಾಂಕಿನಲ್ಲಿದೆ. ಭದ್ರಾವತಿ ಥರದ ಪೆಟ್ಟು ಪೂರ್ತಿ ತಪ್ಪಲ್ಲ, ಆದರೆ ಕರೆನ್ಸಿಯಿಂದ ಬರೋ ಪೆಟ್ಟು ತಪ್ಪುತ್ತೆ.

ನೇರ ರಫ್ತು ಮಾಡದವರಿಗೂ ದಾರಿ ಇದೆ: ನೀವು ಒಬ್ಬ ಎಕ್ಸ್‌ಪೋರ್ಟರ್‌ಗೆ ಕಚ್ಚಾ ಮಾಲು ಸಪ್ಲೈ ಮಾಡೋರಾದರೆ, ಅವರ ಆರ್ಡರ್ ಆಧಾರದ ಮೇಲೆ ಪ್ಯಾಕಿಂಗ್ ಕ್ರೆಡಿಟ್‌ನಲ್ಲಿ ನಿಮಗೂ ಪಾಲು ಕೊಡೋಕೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇದೆ. ಇದಕ್ಕೆ ಎಕ್ಸ್‌ಪೋರ್ಟರ್ ಮತ್ತು ಅವರ ಬ್ಯಾಂಕ್ ಒಪ್ಪಬೇಕು. ಕೇಳದೆ ಯಾರೂ ತಾವಾಗೇ ಹೇಳಲ್ಲ.

ಬಡ್ಡಿ ಸಹಾಯಧನ: 2015ರಲ್ಲಿ ಶುರುವಾದ ಬಡ್ಡಿ ರಿಯಾಯಿತಿ ಯೋಜನೆ 2024ರ ಕೊನೆಗೆ ನಿಂತಿತು. ಹಳೇ ವಿಡಿಯೋ ನೋಡಿ ಅದು ಸಿಗುತ್ತೆ ಅಂತ ಲೆಕ್ಕ ಹಾಕಬೇಡಿ. ಈಗ ಏನು ಚಾಲ್ತಿಯಲ್ಲಿದೆ ಅಂತ ಬ್ಯಾಂಕಿನಲ್ಲೇ ಕೇಳಿ.

ಬ್ಯಾಂಕಿಗೆ ಹೋಗೋ ಮುಂಚೆ

ಮೊದಲು ಐಇಸಿ ನಂಬರ್ ಮಾಡಿಸಿ. ಕೇಂದ್ರದ ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. ಪ್ಯಾನ್ ನಂಬರೇ ಐಇಸಿ ನಂಬರ್ ಆಗುತ್ತೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಅಪ್‌ಡೇಟ್ ಮಾಡೋದು ಮರೀಬೇಡಿ. ಉದ್ಯಮ್ ನೋಂದಣಿ, ಜಿಎಸ್‌ಟಿ ಸರಿ ಇರಲಿ. ಸರಕಿಗೆ ತಕ್ಕ ಮಂಡಳಿಯಲ್ಲೂ ನೋಂದಣಿ ಬೇಕು. ಕಾಫಿಗೆ ಕಾಫಿ ಮಂಡಳಿ, ಶುಂಠಿಗೆ ಸಾಂಬಾರ ಮಂಡಳಿ, ನಾರಿಗೆ ತೆಂಗಿನ ನಾರು ಮಂಡಳಿ, ತರಕಾರಿ ಹಣ್ಣಿಗೆ ಅಪೆಡಾ.

ಇನ್ನೊಂದು ಮುಖ್ಯ ಮಾತು. ತಾಲ್ಲೂಕಿನ ಎಲ್ಲ ಬ್ಯಾಂಕ್ ಶಾಖೆಯಲ್ಲೂ ವಿದೇಶಿ ವಿನಿಮಯದ ಕೆಲಸ ನಡೆಯಲ್ಲ. ಅದಕ್ಕೇ ಎಷ್ಟೋ ಕಡೆ ಇಲ್ಲ ಅನ್ನೋ ಉತ್ತರ ಬರೋದು. ಇಲ್ಲ ಅಂದರೆ ಆ ಶಾಖೆಯಲ್ಲಿ ಇಲ್ಲ ಅಂತ ಅರ್ಥ, ಆ ಬ್ಯಾಂಕಿನಲ್ಲೇ ಇಲ್ಲ ಅಂತಲ್ಲ. ನಿಮ್ಮ ಬ್ಯಾಂಕಿನ ಯಾವ ಶಾಖೆ ಆ ಕೆಲಸ ಮಾಡುತ್ತೆ ಅಂತ ಕೇಳಿ. ಎಡಿ ಕೋಡ್ ಪತ್ರ ಅಲ್ಲೇ ಸಿಗುತ್ತೆ, ಅದನ್ನ ಸರಕು ಹೋಗೋ ಬಂದರಿನ ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು. ಅರ್ಜಿಯನ್ನ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಇಲ್ಲ ಅಂತ ಕಳಿಸ್ತಾರೆ. ಸಿಕ್ಕಿಹಾಕಿಕೊಂಡರೆ ಹಾಸನದ ಜಿಲ್ಲಾ ಕೈಗಾರಿಕಾ ಕೇಂದ್ರ, ಲೀಡ್ ಬ್ಯಾಂಕ್ ಕಚೇರಿ ಇವೆ.

ವಿಶ್ವೇಶ್ವರಯ್ಯನವರು ಎಕನಾಮಿಕ್ ಕಾನ್ಫರೆನ್ಸಿನಲ್ಲಿ ಮಾಡಬೇಕು ಅಂದುಕೊಂಡದ್ದೂ ಇದನ್ನೇ. ಯೋಜನೆ ಮಾಡಿ ರಾಜಧಾನಿಯಲ್ಲಿ ಇಟ್ಟರೆ ಆಗಲ್ಲ, ತಾಲ್ಲೂಕಿಗೆ ಸುದ್ದಿ ಮುಟ್ಟಬೇಕು. ಈ ಸಲ ಎಂಜಿನಿಯರ್ಸ್ ಡೇ ದಿನ ನಮ್ಮ ನಾಲ್ಕು ಊರಿನ ವರ್ತಕರ ಸಂಘದವರು ಹಾರ ಹಾಕಿದ ಮೇಲೆ ಒಂದು ಗಂಟೆ ಬ್ಯಾಂಕಿನವರನ್ನ ಕರೆಸಿ ಕನ್ನಡದಲ್ಲಿ ಇದನ್ನ ಹೇಳಿಸಿದರೆ ಆ ಫೋಟೋಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ನಮ್ಮ ಚಿಕ್ಕಪ್ಪನಿಗೆ ಹೋದ ತಿಂಗಳು ನಾನೇ ಕೂತು ಐಇಸಿ ನಂಬರ್ ಮಾಡಿಸಿಕೊಟ್ಟೆ. ಆರ್ಡರ್ ಇನ್ನೂ ಬಂದಿಲ್ಲ. ಬಂದರೆ ಈ ಸಲ ಕೈಸಾಲದವರ ಮನೆಗೆ ಹೋಗಲ್ಲ ಅಂದಿದ್ದಾರೆ. ನೋಡೋಣ.